ಬೆಳ್ಳಿ ಕಟ್ಟಿಸಿದ ಕೋಟೆ

ಬೆಳ್ಳಿಗೆ ಸಿಟ್ಟು ಬಂದದ್ದು ಮೊದಲ ದಿನವೇ. ಬರಬಾರದೇ ಮತ್ತೆ? ಅಷ್ಟು ದೊಡ್ಡ ಗಂಡಸು, ಸೊಸೈಟಿಯಲ್ಲಿ ಕ್ಲಾರ್ಕು, ಇಸ್ತ್ರಿ ಹಾಕಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು. ಅಂಥವನು ಕಂಪ್ಯೂಟರಿನ ಮುಂದೆ ಕೂತು ಹಾದಿಗೆ ಅಡ್ಡಲಾಗಿ ಗೋಡೆಯ ಹಿಂದೆ ಗೋಡೆ ಕಟ್ಟುತ್ತಿದ್ದ. ರಾಕ್ಷಸರು ಬಂದರು, ಗೋಡೆಗಳನ್ನೆಲ್ಲ ಹಪ್ಪಳ ಮುರಿದಂತೆ ಮುರಿದರು, ಕೋಟೆಗೆ ನುಗ್ಗಿದರು. ಅವನು ತಲೆಯ ಮೇಲೆ ಕೈ ಹೊತ್ತ. ಮತ್ತೆ ಮೊದಲಿನಿಂದ ಶುರು ಮಾಡಿದ, ಮತ್ತೆ ಅದೇ ಜಾಗದಲ್ಲಿ ಅದೇ ಗೋಡೆ ಕಟ್ಟಿದ.

ಇದು ಕುಮಟೆಯಲ್ಲಿ, ಬಸ್‌ಸ್ಟ್ಯಾಂಡಿನ ಎದುರಿನ ಮಹಡಿಯ ಮೇಲೆ ಸುಪ್ರಿಯಾ ಎಂಬ ಹುಡುಗಿ ನಡೆಸುತ್ತಿದ್ದ ಸೈಬರಿನಲ್ಲಿ. ಎರಡು ಸಾವಿರದ ಒಂಬತ್ತರ ಮೇ ತಿಂಗಳು, ಸೆಕೆಯೋ ಸೆಕೆ. ಬೆಳ್ಳಿ ಅಘನಾಶಿನಿಯವಳು. ಹೊಳೆಯಲ್ಲಿ ಹೆಕ್ಕಿದ ಬಳಚು, ಅದೇ ಚಿಪ್ಪಿನ ಮೀನು, ಬುಟ್ಟಿಯಲ್ಲಿ ಹೊತ್ತು ತಂದು ಪೇಟೆಯಲ್ಲಿ ಮಾರಿ, ಎರಡು ಗಂಟೆಯ ಬಸ್ಸಿಗೆ ವಾಪಸಾಗುವವಳು. ಸುಪ್ರಿಯಾಳ ತಾಯಿ ಅವಳ ಖಾಯಂ ಗಿರಾಕಿ. ಬಿಸಿಲಲ್ಲಿ ಯಾಕೆ ನಿಲ್ಲುತ್ತಿ, ಮೇಲೆ ಹೋಗಿ ಫ್ಯಾನಿನ ಕೆಳಗೆ ಕೂತುಕೋ ಎಂದು ಅವರೇ ಹೇಳಿದ್ದರು. ಹೀಗಾಗಿ ದಿನವೂ ಮಧ್ಯಾಹ್ನ ಒಂದು ಗಂಟೆ ಬೆಳ್ಳಿಗೆ ಅಲ್ಲಿ ಸ್ಟೂಲಿನ ಮೇಲೆ ಜಾಗ. ಯಾವುದನ್ನೂ ಮುಟ್ಟಬಾರದು ಎಂಬುದೊಂದೇ ಕರಾರು, ಕೈಯ ವಾಸನೆ ಕೀಲಿಗಳಿಗೆ ಹತ್ತೀತು ಎಂದು.

ಆ ಕ್ಲಾರ್ಕು ಬೇರೆ ಯಾರೂ ಅಲ್ಲ, ಅವಳ ಊರಿನವನೇ ಆದ ವಿಘ್ನೇಶ್ವರ. ಊಟದ ಬಿಡುವಿನಲ್ಲಿ ಕಳ್ಳನ ಹಾಗೆ ಹಿಂದಿನ ಮೆಟ್ಟಿಲು ಹತ್ತಿ ಬರುತ್ತಿದ್ದ. ಚಪ್ಪಲಿಯನ್ನೂ ಹೊರಗೆ ಬಿಡುತ್ತಿರಲಿಲ್ಲ, ಯಾರಾದರೂ ಗುರುತು ಹಿಡಿದಾರು ಎಂದು. ಬೆಳ್ಳಿಯನ್ನು ಕಂಡ ದಿನ ಅವನ ಮುಖದಲ್ಲಿ ರಕ್ತವಿಲ್ಲ. ಊರಲ್ಲಿ ಹೇಳಬೇಡ ಎಂದು ಕಣ್ಣಲ್ಲೇ ಬೇಡಿಕೊಂಡ. ಹೇಳುವುದಕ್ಕೆ ಅವಳಿಗೇನು ಬೇರೆ ಕೆಲಸವಿರಲಿಲ್ಲವೇ? ಆದರೆ ಆಟ ನೋಡದೆ ಇರುವುದಕ್ಕೆ ಅವಳಿಂದ ಆಗಲಿಲ್ಲ.

ಭಟ್ಕಳದ ಯಾರೋ ದುಬೈಯಿಂದ ತಂದ ಸಿಡಿಯಂತೆ. ಹುಡುಗರು ಅದನ್ನು ಕೋಟೆ ಆಟ ಎನ್ನುತ್ತಿದ್ದರು. ದೂರದ ಒಂದು ಬಾಗಿಲಿನಿಂದ ರಾಕ್ಷಸರು ಸಾಲುಗಟ್ಟಿ ಬರುತ್ತಾರೆ, ಬಯಲು ದಾಟಿ ಕೋಟೆಗೆ ನುಗ್ಗುತ್ತಾರೆ. ಅವರು ಬರುವ ಮೊದಲು ಬಯಲಲ್ಲಿ ಗೋಡೆ ಕಟ್ಟಬೇಕು, ಗೋಡೆಯ ಮೇಲೆ ತಾನಾಗಿ ಗುಂಡು ಹಾರಿಸುವ ಗೋಪುರ ಕೂರಿಸಬೇಕು. ಬಂದ ಮೇಲೆ ಆಡುವವನೇ ಬಂದೂಕು ಹಿಡಿದು ಬಯಲಿಗಿಳಿಯಬೇಕು. ಆಗ ಪರದೆಯಲ್ಲಿ ಅವನ ಎರಡು ಕೈ ಮತ್ತು ಬಂದೂಕಿನ ಮೂತಿ ಮಾತ್ರ ಕಾಣುತ್ತದೆ. ಈ ಮನುಷ್ಯನಿಗೆ ತಲೆ ಎಲ್ಲಿ ಹೋಯಿತು ಎಂದು ಬೆಳ್ಳಿ ಮೊದಲು ಕೇಳಿದ್ದಳು. ನೋಡುತ್ತಿರುವ ತಲೆ ನಮ್ಮದೇ ಎಂದು ಸುಪ್ರಿಯಾ ತಿಳಿಸಿ ಹೇಳಿದಳು. ರಾಕ್ಷಸರ ಒಂದೊಂದು ದಂಡಿಗೂ ತೆರೆ ಎನ್ನುತ್ತಾರೆ, ಒಟ್ಟು ಇಪ್ಪತ್ತು ತೆರೆ, ಇಲ್ಲಿಯವರೆಗೆ ಕುಮಟೆಯಲ್ಲಿ ಯಾರೂ ಹನ್ನೆರಡು ದಾಟಿಲ್ಲ ಎಂದೂ ಹೇಳಿದಳು.

ತೆರೆ ಎಂದ ಮೇಲೆ ಬೆಳ್ಳಿಯ ಕಿವಿ ನೆಟ್ಟಗಾಗದೆ ಇರುತ್ತದೆಯೇ? ಅವಳ ಬದುಕೇ ತೆರೆ, ಉಬ್ಬರ, ಇಳಿತ. ಹೊಳೆಯ ಬದಿಯ ತಗ್ಗು ಗದ್ದೆಗೆ ಅಲ್ಲಿ ಗಜನಿ ಎನ್ನುತ್ತಾರೆ. ಉಪ್ಪುನೀರು ಒಳಗೆ ಬರದಂತೆ ಸುತ್ತಲೂ ಮಣ್ಣಿನ ಬದು, ಬದುವಿನ ಬಾಯಿಗೆ ಮರದ ಹಲಗೆಗಳ ಬಾಗಿಲು. ಆ ಬಾಗಿಲೇ ಜಂತ್ರಡಿ. ಯಾವ ಹೊತ್ತಿಗೆ ಎಷ್ಟು ಹಲಗೆ ಇಳಿಸಬೇಕು, ಯಾವಾಗ ಎತ್ತಬೇಕು ಎಂಬುದರಲ್ಲಿದೆ ಊರಿನ ಮೂವತ್ತು ಮನೆಗಳ ಭತ್ತ. ಅದನ್ನು ಕಾಯುವ ಕೆಲಸ ಅವಳ ಗಂಡ ಶನಿಯಾರನದು. ಹಾಗೆಂದು ಊರು ತಿಳಿದಿತ್ತು.

ನಿಜ ಬೇರೆ ಇತ್ತು. ಒಂಬತ್ತು ವರ್ಷದ ಹಿಂದೆ ಶನಿಯಾರ ಬದುವಿನಿಂದ ಜಾರಿ ಬಿದ್ದು ಸೊಂಟ ಕಳೆದುಕೊಂಡಿದ್ದ. ಅಂದಿನಿಂದ ಹಲಗೆ ಎತ್ತುವವಳು, ಇಳಿಸುವವಳು ಬೆಳ್ಳಿ. ಅವನು ಜೊತೆಗೆ ಬಂದು ಬದುವಿನ ಮೇಲೆ ಕವಳ ಜಗಿಯುತ್ತ ಕೂರುತ್ತಿದ್ದ, ದೂರದಿಂದ ನೋಡಿದವರಿಗೆ ಅವನೇ ಕಂಡರೆ ಸಾಕೆಂದು. ಇದನ್ನು ಯಾರಿಗೂ ಬಾಯಿ ಬಿಡಬಾರದು ಎಂದು ಬೆಳ್ಳಿಯೇ ಗಂಡನಿಂದ ಆಣೆ ಮಾಡಿಸಿಕೊಂಡಿದ್ದಳು. ಶನಿಯಾರ ಎಂದರೆ ಜಂತ್ರಡಿ ಎನ್ನುವ ಊರಲ್ಲಿ ಅವನ ಹೆಸರು ಹಗುರಾಗುವುದು ಅವಳಿಗೆ ಬೇಡವಾಗಿತ್ತು. ಈಗ ಶನಿಯಾರನಿಗೆ ಬದುವಿನ ತನಕ ನಡೆಯುವುದೂ ಕಷ್ಟವಾಗಿ, ಅವನು ಕೆಲಸ ಬಿಡುತ್ತೇನೆಂದಿದ್ದ. ಗಜನಿ ಸಂಘದ ಕಾರ್ಯದರ್ಶಿ ಯಾರು? ಇದೇ ವಿಘ್ನೇಶ್ವರ. ಹೊನ್ನಾವರದ ಒಬ್ಬ ಕಂತ್ರಾಟುದಾರನಿಗೆ ಬಾಗಿಲು ವಹಿಸುವುದೆಂದು ಅವನು ಕಾಗದ ಬರೆದಿಟ್ಟಿದ್ದ. ಭಾನುವಾರ ಸಭೆ.

ಬಾಗಿಲು ಹೋಗುತ್ತದೆ ಎಂದು ನೆನೆದರೆ ಬೆಳ್ಳಿಗೆ ಅನ್ನ ಸೇರುತ್ತಿರಲಿಲ್ಲ. ನೀರಿನ ಸದ್ದು ಕೇಳಿಯೇ ಗಂಟೆ ಹೇಳುವವಳು ಅವಳು. ಆ ಕೆಲಸ ಅವಳಿಗೆ ಇಷ್ಟ, ಅಷ್ಟೇ. ಇಷ್ಟ ಎನ್ನಲು ಬೇರೆ ಕಾರಣ ಬೇಕೇ?

ಶುಕ್ರವಾರ ವಿಘ್ನೇಶ್ವರ ಹನ್ನೆರಡನೇ ತೆರೆಗೆ ಮೂರನೇ ಸಲ ಸೋತಾಗ ಅವಳಿಗೆ ತಡೆಯಲಾಗಲಿಲ್ಲ.

"ತಮಾ, ಬಾಯಿ ಪೂರಾ ಮುಚ್ಚೂದೇ ತಪ್ಪು. ಎಲ್ಲೂ ಹಾದಿ ಇಲ್ಲ ಅಂದ್ರೆ ಅವು ಎಂತ ಮಾಡ್ತವೆ? ಒಡೀತವೆ. ಒಂದು ಹಾದಿ ಬಿಡು. ಬಿಟ್ಟು, ಸುತ್ತಿಸು."

ವಿಘ್ನೇಶ್ವರನಿಗೆ ನಗು ಬಂತು. ಬಳಚು ಆರಿಸುವವಳಿಗೆ ಕಂಪ್ಯೂಟರಿನ ವಿಷಯ ಏನು ಗೊತ್ತು ಎಂಬ ಅರ್ಥದ ನಗು. ಬೆಳ್ಳಿಗೆ ಅದು ಗೊತ್ತಾಗದೆ ಇರಲಿಲ್ಲ. ಅವಳು ಸ್ಟೂಲನ್ನು ದರದರ ಎಳೆದು ಅವನ ಪಕ್ಕಕ್ಕೇ ಹಾಕಿಕೊಂಡಳು. ತಾನು ಹೇಳಿದ ಹಾಗೆ ಕಟ್ಟಬೇಕು, ಇಪ್ಪತ್ತೂ ತೆರೆ ನಿಂತರೆ ಭಾನುವಾರ ಬಾಗಿಲಿಗೆ ತನ್ನ ಹೆಸರು ಹೇಳಬೇಕು, ನಿಲ್ಲದಿದ್ದರೆ ಇನ್ನು ಆ ಮಾತೇ ಎತ್ತುವುದಿಲ್ಲ ಎಂದಳು. ಸುಪ್ರಿಯಾಗೆ ಎಲ್ಲಿಲ್ಲದ ಹುರುಪು, ತಾನೇ ಸಾಕ್ಷಿ ಎಂದುಬಿಟ್ಟಳು. ನಗುತ್ತಲೇ ವಿಘ್ನೇಶ್ವರ ಒಪ್ಪಿದ. ಹನ್ನೆರಡರಲ್ಲಿ ಮುಗಿಯುವ ಆಟಕ್ಕೆ ಮಾತು ಕೊಟ್ಟರೆ ಅವನ ಗಂಟೇನು ಹೋಗುತ್ತದೆ?

ಬೆಳ್ಳಿ ಬೆರಳು ತೋರಿಸುತ್ತ ಹೋದಳು, ಅವನು ಕಟ್ಟುತ್ತ ಹೋದ. ಎಡಕ್ಕೊಂದು ಗೋಡೆ, ತುದಿಯಲ್ಲಿ ಸಂದು. ಬಲಕ್ಕೊಂದು ಗೋಡೆ, ಆ ತುದಿಯಲ್ಲಿ ಸಂದು. ಗಜನಿಯೊಳಗಿನ ಕಾಲುವೆ ಹಾಗೇ ಅಲ್ಲವೇ, ನೀರು ಅತ್ತ ಹೋಗಿ ಇತ್ತ ಬಂದು ಸೊಕ್ಕಿಳಿಯಬೇಕು. ಗೋಪುರಗಳನ್ನು ಬಾಗಿಲ ಹತ್ತಿರ ಸಾಲಾಗಿ ಇಡಬೇಡ, ತಿರುವಿನಲ್ಲಿ ಇಡು ಎಂದಳು. ತಿರುವಿನಲ್ಲಿ ನೀರು ನಿಧಾನ. ರಾಕ್ಷಸರೂ ನಿಧಾನವೇ ಆದರು. ಒಂದೇ ಗೋಪುರ ಅವರನ್ನು ಹೋಗುವಾಗೊಮ್ಮೆ ಹೊಡೆಯಿತು, ಬರುವಾಗೊಮ್ಮೆ ಹೊಡೆಯಿತು.

ಹನ್ನೆರಡನೇ ತೆರೆ ದಾಟಿದಾಗ ವಿಘ್ನೇಶ್ವರ ನಗುವುದನ್ನು ನಿಲ್ಲಿಸಿದ. ಹದಿನೈದಕ್ಕೆ ಅಂಗಿಯ ತೋಳು ಮಡಚಿದ. ಪಕ್ಕದ ಕಂಪ್ಯೂಟರಿನಲ್ಲಿ ರಿಸಲ್ಟ್ ನೋಡುತ್ತಿದ್ದ ಹುಡುಗರು ರಿಸಲ್ಟ್ ಬಿಟ್ಟು ಹಿಂದೆ ಬಂದು ನಿಂತರು. ಊಟದ ಬಿಡುವು ಮುಗಿದು ಎಷ್ಟೋ ಹೊತ್ತಾಗಿತ್ತು. ಬೆಳ್ಳಿಯ ಎರಡು ಗಂಟೆಯ ಬಸ್ಸು ಕೆಳಗೆ ಹಾರ್ನ್ ಹೊಡೆದು ಹೋಯಿತು, ಹೋಗಲಿ ಎಂದಳು.

ಇಪ್ಪತ್ತನೇ ತೆರೆಗೆ ಬಂದದ್ದು ಅಂತಿಂಥ ದಂಡಲ್ಲ. ಬಯಲು ಕಪ್ಪಾಗುವಷ್ಟು ರಾಕ್ಷಸರು, ನಡುವೆ ಮನೆಯಷ್ಟು ಎತ್ತರದ ಒಂದು. ವಿಘ್ನೇಶ್ವರ ಬಂದೂಕು ಹಿಡಿದು ಓಡಿದ, ಹೊಡೆದ, ಹಿಂದೆ ಸರಿದ. ಕೊನೆಗೆ ಹೆದರಿ, ಉಳಿದಿದ್ದ ಒಂದು ಗೋಡೆಯನ್ನು ಮೊದಲ ಸಂದಿಗೇ ಇಡಲು ಹೋದ. ಬೆಳ್ಳಿ ಕರಾರು ಗಿರಾರು ಎಲ್ಲ ಮರೆತು ಮೌಸಿನ ಮೇಲಿದ್ದ ಅವನ ಕೈಯನ್ನು ಗಪ್ಪನೆ ಹಿಡಿದಳು.

"ಮುಚ್ಬ್ಯಾಡ. ಹೆದರಿಕೆ ಆದಾಗ್ಲೇ ಮುಚ್ಚೂಕೆ ಮನ್ಸಾಗೂದು, ಆಗ್ಲೇ ಮುಚ್ಬಾರ್ದು."

ಅವನು ಮುಚ್ಚಲಿಲ್ಲ. ಆ ದೊಡ್ಡದು ಮೊದಲ ಸಂದು ಹಾಯ್ದು ಎಡಕ್ಕೆ ಹೋಯಿತು, ತಿರುಗಿತು, ಬಲಕ್ಕೆ ಬಂತು, ಮತ್ತೆ ತಿರುಗಿತು. ಕೋಟೆ ಅದರ ಕಣ್ಣೆದುರೇ ಇತ್ತು, ಹಾದಿ ಮಾತ್ರ ಮುಗಿಯಲಿಲ್ಲ. ಕೊನೆಯ ತಿರುವಿನಲ್ಲಿ ಅದು ಮಂಡಿಯೂರಿತು. ವಿಘ್ನೇಶ್ವರ ಹತ್ತಿರ ಹೋಗಿ ಇದ್ದಬದ್ದ ಗುಂಡನ್ನೆಲ್ಲ ಸುರಿದ. ಸೈಬರಿನಲ್ಲಿ ಎದ್ದ ಕೂಗಿಗೆ ಕೆಳಗಿನ ಹೋಟೆಲಿನವರು ಏನು ಅನಾಹುತವಾಯಿತೋ ಎಂದು ಮೆಟ್ಟಿಲು ಹತ್ತಿ ಬಂದರು. ಸುಪ್ರಿಯಾ ಬೆಳ್ಳಿಯನ್ನು ತಬ್ಬಿಕೊಂಡು ಕುಣಿದಳು, ವಾಸನೆಯ ನೆನಪು ಅವಳಿಗೂ ಆಗಲಿಲ್ಲ. ಬೆಳ್ಳಿಗೆ ಎಷ್ಟು ಖುಷಿಯಾಯಿತೆಂದರೆ, ಒಂದು ನಿಮಿಷ ಭಾನುವಾರದ ಸಭೆಯೇ ಮರೆತುಹೋಗಿತ್ತು.

ಭಾನುವಾರ ಬೆಳಿಗ್ಗೆ ಶಾಲೆಯ ಜಗಲಿಯಲ್ಲಿ ಸಭೆ ಕೂಡಿತು. ಸಂಘದ ಹಿರಿಯ ಬೊಮ್ಮ ಬೆಂಚಿನ ಮೇಲೆ, ಉಳಿದವರು ನೆಲದ ಮೇಲೆ. ಶನಿಯಾರನನ್ನು ಯಾರೋ ಬೈಕಿನಲ್ಲಿ ಕರೆತಂದಿದ್ದರು. ವಿಘ್ನೇಶ್ವರ ಎದ್ದು, ಕಂತ್ರಾಟುದಾರನ ಕಾಗದವನ್ನು ಮಡಚಿ ಜೇಬಿಗೆ ಹಾಕಿಕೊಂಡು, ಬಾಗಿಲನ್ನು ಬೆಳ್ಳಕ್ಕನಿಗೆ ಕೊಡಬಹುದು ಎಂದ. ಗುಸುಗುಸು ಎದ್ದಿತು. ನಿನ್ನೆ ಮೊನ್ನೆಯವರೆಗೆ ಹೊನ್ನಾವರ ಹೊನ್ನಾವರ ಎನ್ನುತ್ತಿದ್ದವನಿಗೆ ಈಗ ಎಂತ ಆತು ಎಂದು ಬೊಮ್ಮ ಕೇಳಿದ. ಅವಳಿಗೆ ನೀರಿನ ನಡೆ ಗೊತ್ತಿದೆ ಎಂದ ವಿಘ್ನೇಶ್ವರ. ನಿನಗೆ ಹೇಗೆ ಗೊತ್ತು ಎಂದ ಬೊಮ್ಮ.

ವಿಘ್ನೇಶ್ವರ ಏನಾದರೂ ಸುಳ್ಳು ಹೇಳಿ ನುಣುಚಿಕೊಳ್ಳುತ್ತಾನೆ ಎಂದೇ ಬೆಳ್ಳಿ ಎಣಿಸಿದ್ದಳು. ಅವನು ನುಣುಚಿಕೊಳ್ಳಲಿಲ್ಲ. ದಿನಾ ಮಧ್ಯಾಹ್ನ ತಾನು ಸೈಬರಿಗೆ ಹೋಗಿ ರಾಕ್ಷಸರಿಗೆ ಗುಂಡು ಹೊಡೆಯುವುದನ್ನು, ಎರಡು ತಿಂಗಳಿಂದ ಹನ್ನೆರಡರಲ್ಲೇ ಸೋಲುತ್ತಿದ್ದುದನ್ನು, ಬೆಳ್ಳಕ್ಕ ಒಂದೇ ಮಧ್ಯಾಹ್ನದಲ್ಲಿ ಇಪ್ಪತ್ತು ದಾಟಿಸಿದ್ದನ್ನು ಒಂದೂ ಬಿಡದೆ ಹೇಳಿದ. ಅವನ ಹೆಂಡತಿ ಕುಸುಮಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು, ಬೊಮ್ಮನ ಕವಳ ನೆತ್ತಿಗೇರಿತು. ವಿಘ್ನೇಶ್ವರನ ಕಿವಿ ಕೆಂಪಾಗಿತ್ತು, ಆದರೂ ಅವನು ಕೂರಲಿಲ್ಲ. ಬೆಳ್ಳಿಗೆ ಅವನ ಮೇಲೆ ಅಕ್ಕರೆ ಉಕ್ಕಿ ಬಂತು.

ನಗು ಅಡಗಿದ ಮೇಲೆ ಹಿಂದಿನಿಂದ ಒಬ್ಬ ಕೇಳಿದ, ಆಟದ ಮಾತು ಆಟಕ್ಕಾಯಿತು, ಜಂತ್ರಡಿಯ ಹಲಗೆ ಹಸಿಮರದ ಭಾರದ್ದು, ಇವಳು ಒಂದು ದಿನವಾದರೂ ಎತ್ತಿದ್ದಾಳೆಯೇ ಎಂದು. ನ್ಯಾಯವಾದ ಪ್ರಶ್ನೆಯೇ. ಎಲ್ಲರೂ ಬೆಳ್ಳಿಯ ಕಡೆ ನೋಡಿದರು. ಉತ್ತರ ಅವಳ ನಾಲಿಗೆಯ ತುದಿಯಲ್ಲಿತ್ತು. ಒಂದೇ ಮಾತಿಗೆ ಬಾಗಿಲು ಅವಳದಾಗುತ್ತಿತ್ತು. ಅವಳು ತಲೆ ತಗ್ಗಿಸಿ ಸುಮ್ಮನೆ ಕೂತಳು. ಹೋದರೆ ಹೋಯಿತು ಬಾಗಿಲು ಎಂದು ಮನಸ್ಸು ಗಟ್ಟಿ ಮಾಡಿಕೊಂಡಳು.

ಆಗ ಶನಿಯಾರ ಗೋಡೆ ಹಿಡಿದು ಎದ್ದ. ಬೆಳ್ಳಿ ಅವನ ಪಂಚೆಯ ಅಂಚು ಹಿಡಿದು ಜಗ್ಗಿದಳು. ಅವನು ಬಿಡಿಸಿಕೊಂಡ.

"ಒಂಬತ್ತು ವರ್ಷ ಹಲಗೆ ಎತ್ತಿದ್ದು ಇವಳೇ. ನಾನು ಬರೀ ಕೂತಿದ್ದೆ. ಹೇಳಬ್ಯಾಡ ಅಂತ ಆಣೆ ಹಾಕಿದ್ಲು, ಇವತ್ತು ಮುರದೆ. ಆ ತಮ್ಮನೇ ಇಷ್ಟು ಹೇಳಿದ ಮೇಲೆ ನಾ ಹ್ಯಾಂಗೆ ಸುಮ್ನಿರ್ಲಿ?"

ಯಾರೂ ನಗಲಿಲ್ಲ. ಈ ಒಂಬತ್ತು ವರ್ಷದಲ್ಲಿ ಒಂದು ಗದ್ದೆಗಾದರೂ ಉಪ್ಪುನೀರು ಹೊಕ್ಕಿದೆಯೇ ಎಂದು ಬೊಮ್ಮ ಸಭೆಯನ್ನು ಕೇಳಿದ. ಇಲ್ಲ ಎಂದರು. ಹಾಗಾದರೆ ಇನ್ನೆಂತ ಕೇಳುವುದುಂಟು ಎಂದ.

ಬೆಳ್ಳಿ ಗಂಡನನ್ನು ಬೈಯಬೇಕೆಂದುಕೊಂಡಳು, ಬಾಯಿ ತೆರೆದರೆ ಅಳು ಬಂತು, ಅಳುವಿನ ನಡುವೆ ನಗುವೂ ಬಂತು. ಅವನ ಹೆಸರು ಹಗುರಾಗಿರಲಿಲ್ಲ. ಎದ್ದು ನಿಂತಿದ್ದ ಅವನಿಗೆ ಬೊಮ್ಮ ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಡುತ್ತಿದ್ದ. ಅಷ್ಟರಲ್ಲಿ ಹೊಳೆಯ ಕಡೆಯಿಂದ ಇಳಿತದ ಸದ್ದು ಅವಳ ಕಿವಿಗೆ ಬಿತ್ತು. ಗದ್ದೆಯ ನೀರು ಹೊರಗೆ ಬಿಡುವ ಹೊತ್ತು. ಕಣ್ಣೊರೆಸಿಕೊಂಡು, ಹೇಳದೆ ಕೇಳದೆ ಹೊರಟೇಬಿಟ್ಟಳು.

ನೋಡೋಣ ಎಂದು ಇಡೀ ಸಭೆ ಅವಳ ಹಿಂದೆ ಬಂತು. ಶನಿಯಾರನನ್ನೂ ಬೈಕಿನಲ್ಲಿ ತಂದು ಹೊಂಗೆ ಮರದ ನೆರಳಿಗೆ ಕೂರಿಸಿದರು. ಬೆಳ್ಳಿ ಸೀರೆ ಎತ್ತಿ ಕಟ್ಟಿ, ಮೊಣಕಾಲ ನೀರಿಗಿಳಿದು, ಮೊದಲ ಹಲಗೆಗೆ ಕೈ ಹಾಕಿದಳು. ತಲೆ ಎತ್ತಿ ನೋಡಿದರೆ ಮೂವತ್ತು ಜನ ಬದುವಿನ ಮೇಲೆ ಸಾಲಾಗಿ ನಿಂತಿದ್ದಾರೆ.

"ಎಂತ ನೋಡೂದು? ನಿಮ್ಮ ಭಾರಕ್ಕೆ ಬದು ಕುಸೀತದೆ. ಇಳೀರಿ ಎಲ್ಲ."

ಎಲ್ಲರೂ ಇಳಿದರು, ಮೊದಲು ಇಳಿದವನು ಬೊಮ್ಮ.