ಕೋಡಿ ಬಿದ್ದ ದಿನದ ಫೋಟೋ

“ಇದ್ರಲ್ಲೂ ಬರೀ ಕೈ ಇದೆ, ಅಪ್ಪಾ,” ಎಂದಳು ಮಗಳು. ಅವನ ಫೋನಿನಲ್ಲಿದ್ದ ಫೋಟೋಗಳನ್ನು ಸರಿಸಿ ಸರಿಸಿ ಅವಳಿಗೆ ಸಾಕಾಗಿತ್ತು. ಎಲ್ಲವೂ ಒಂದೇ: ಜಲಾಶಯದ ಮೆಟ್ಟಿಲು, ಪಕ್ಕದಲ್ಲಿ ನೆಟ್ಟ ಅಳತೆಪಟ್ಟಿ, ಯಾವುದೋ ಅಂಕಿಗೆ ಬಂದು ನಿಂತ ನೀರು. ಕೆಲವುಗಳ ಅಂಚಿನಲ್ಲಿ ಮಾತ್ರ ಒದ್ದೆ ಬಟ್ಟೆ ಹಿಡಿದ ಕೈಯೊಂದಿತ್ತು. ಅದು ಅಮ್ಮನ ಕೈ.

ಅಮ್ಮ ಹೋಗಿ ತಿಂಗಳಾಗಿತ್ತು. ಗೋಡೆಗೆ ಹಾಕಲು ಒಂದು ಫೋಟೋ ಬೇಕಿತ್ತು. ಮದುವೆ ಫೋಟೋದಲ್ಲಿದ್ದವಳು ಮಗಳಿಗೆ ಪರಿಚಯವೇ ಇಲ್ಲದ ಹುಡುಗಿ. ಗುರುತಿನ ಚೀಟಿಯಲ್ಲಿದ್ದವಳಂತೂ ಪೊಲೀಸರು ಆಗತಾನೇ ಹಿಡಿದು ತಂದವಳ ಹಾಗಿದ್ದಳು. ಅದನ್ನು ಎಲ್ಲರಿಗೂ ತೋರಿಸಿ ಅಮ್ಮನೇ ಬಿದ್ದು ಬಿದ್ದು ನಗುತ್ತಿದ್ದಳು.

ಅವನದು ನೀರಿನ ಮಟ್ಟ ನೋಡುವ ಕೆಲಸ. ದಿನಾ ಬೆಳಿಗ್ಗೆ ಅಳತೆಪಟ್ಟಿಯ ಫೋಟೋ ತೆಗೆದು ಆಫೀಸಿಗೆ ಕಳಿಸಬೇಕು. ಪಾಚಿ ಕಟ್ಟಿದರೆ ಅಂಕಿ ಕಾಣುವುದಿಲ್ಲ. ಅವನ ಮಂಡಿ ಕೈಕೊಟ್ಟ ಮೇಲೆ ಮೆಟ್ಟಿಲಿಳಿದು ಪಟ್ಟಿ ಒರೆಸುತ್ತಿದ್ದವಳು ಹೆಂಡತಿ. ಮೇಲೆ ನಿಂತು ಫೋಟೋ ತೆಗೆಯುತ್ತಿದ್ದವನು ಅವನು. ಮೊದಮೊದಲು ಅವಳು ಒರೆಸಿದ ಮೇಲೆ ಪಟ್ಟಿಯ ಪಕ್ಕದಲ್ಲೇ ನಿಂತು ಹಲ್ಲು ಕಿರಿಯುತ್ತಿದ್ದಳು. ಅಂಥದ್ದೊಂದು ಆಫೀಸಿಗೆ ಹೋಗಿ, “ಕೇಳಿದ್ದು ನೀರಿನ ಮಟ್ಟ, ನಿಮ್ಮ ಸಂಸಾರದ ಫೋಟೋ ಅಲ್ಲ” ಎಂದು ಸಾಹೇಬರ ಉತ್ತರ ಬಂತು. ಅವನಿಗೆ ತಲೆ ಎತ್ತಲಾಗಲಿಲ್ಲ. ಅವಳಿದ್ದ ಫೋಟೋಗಳನ್ನೆಲ್ಲ ಹುಡುಕಿ ಹುಡುಕಿ ಅಳಿಸಿದ. ಮಾರನೆಯ ದಿನದಿಂದ ಅವನ ಬಾಯಲ್ಲಿ ಒಂದೇ ಮಾತು: “ಪಕ್ಕಕ್ಕೆ ಸರಿ.”

“ಫೋಟೋ ತೆಗೀರಿ ಅಂತ ಅಮ್ಮ ಒಂದು ಸಲಾನೂ ಕೇಳ್ಲಿಲ್ವಾ?”

“ಕೇಳಿದ್ಲು. ಕೋಡಿ ಬೀಳ್ಲಿ, ಹಿಂದೆ ನೀರು ಬೆಳ್ಳಗೆ ಕಾಣುತ್ತೆ, ಆಗ ಚೆನ್ನಾಗಿ ತೆಗೀತೀನಿ ಅಂದೆ.”

ಜಲಾಶಯ ತುಂಬಿ ಕೋಡಿ ಹರಿದು ವರ್ಷಗಳೇ ಆಗಿದ್ದವು. “ಅಷ್ಟೊತ್ತಿಗೆ ನಾನು ಮುದುಕಿ ಆಗಿರ್ತೀನಿ, ರೀ,” ಎಂದಿದ್ದಳು ಅವಳು. “ಆಗು. ಎಲ್ಲಿಗೆ ಹೋಗ್ತೀಯ?” ಎಂದಿದ್ದ ಅವನು. ಇದನ್ನು ಮಗಳಿಗೆ ಹೇಳಲಿಲ್ಲ.

“ನೀರಿಂದು ಇಷ್ಟೊಂದು ತೆಗ್ದಿದೀಯ. ಅಮ್ಮಂದು ಒಂದು...” ಮಗಳು ಫೋನನ್ನು ಅವನ ಕೈಗಿಟ್ಟು ಒಳಗೆ ಹೋದಳು. ಊರಿಗೆ ಹೊರಡುವ ದಿನ ಮದುವೆ ಫೋಟೋವನ್ನೇ ಗೋಡೆಗೆ ಹಾಕಿ ಹೋದಳು.

ಆ ಮಳೆಗಾಲ ಮಳೆ ಕೈಬಿಡದೆ ಹೊಡೆಯಿತು. ಒಂದು ಬೆಳಿಗ್ಗೆ ನೀರಿನ ಸದ್ದಿಗೆ ಅವನಿಗೆ ಎಚ್ಚರವಾಯಿತು. ಕೋಡಿ ಬಿದ್ದಿತ್ತು.

ಒಲೆಯ ಪಕ್ಕದ ಮೊಳೆಯಲ್ಲಿ ನೇತುಹಾಕಿದ್ದ, ಹೆಂಡತಿ ಪಟ್ಟಿ ಒರೆಸುತ್ತಿದ್ದ ಬಟ್ಟೆಯನ್ನು ತೆಗೆದುಕೊಂಡು ಹೋದ. ನೀರು ಮೇಲೆ ಬಂದಿದ್ದರಿಂದ ಇಳಿಯಬೇಕಾದ ಮೆಟ್ಟಿಲು ಕಡಿಮೆಯಿದ್ದವು. ಆದರೂ ಕೂತು ಕೂತೇ ಇಳಿದ. ಪಟ್ಟಿಯ ಮೇಲಿನ ಅಂಕಿಗಳಿಗೆ ಹಳೆಯ ಹಕ್ಕಿ ಹಿಕ್ಕೆ ಗಟ್ಟಿಯಾಗಿ ಅಂಟಿತ್ತು. ತಿಕ್ಕಿ ತಿಕ್ಕಿ ತೆಗೆದ. ಇದನ್ನು ಅವಳು ದಿನಾ ಮಾಡುತ್ತಿದ್ದಳು.

ಮೇಲೆ ಬಂದು ಫೋನ್ ಹಿಡಿದ. “ಪಕ್ಕಕ್ಕೆ ಸರಿ” ಎಂಬ ಎಂದಿನ ಮಾತು ಬಾಯಿಗೆ ಬಂತು, ನುಂಗಿಕೊಂಡ. ಫೋನನ್ನು ಮೆಲ್ಲಗೆ ಬಲಕ್ಕೆ ತಿರುಗಿಸಿದ. ಅಳತೆಪಟ್ಟಿ ಎಡಗಡೆಯ ತುದಿಗೆ ಹೋಯಿತು. ಪಕ್ಕದಲ್ಲಿ ಒಬ್ಬರು ನಿಲ್ಲುವಷ್ಟು ಜಾಗ, ಅದರ ಹಿಂದೆ ಕೋಡಿಯ ಮೇಲೆ ಬೆಳ್ಳಗೆ ಉರುಳುವ ನೀರು. ತೆಗೆದು, ಕಳಿಸಿದ.

ಸ್ವಲ್ಪ ಹೊತ್ತಿಗೆ ಆಫೀಸಿನಿಂದ ಉತ್ತರ ಬಂತು. “ಪಟ್ಟಿ ಮಧ್ಯದಲ್ಲಿರಲಿ. ಪಕ್ಕದಲ್ಲಿ ಸುಮ್ಮನೆ ಜಾಗ ಬಿಟ್ಟಿದ್ದೀರಿ. ಇನ್ನೊಂದು ಸಲ ತೆಗೆದು ಕಳಿಸಿ.”

ಅವನು ಫೋನನ್ನು ಜೇಬಿಗಿಟ್ಟುಕೊಂಡ. ಒದ್ದೆ ಬಟ್ಟೆಯನ್ನು ಹಿಂಡಿ, ಕೊಡವಿ, ಮೇಲಿನ ಮೆಟ್ಟಿಲ ಮೇಲೆ ಹರವಿ, ಅದರ ಪಕ್ಕದಲ್ಲಿ ಕೂತ.