ವಿಟಮಿನ್ ಸೀಸೆ

ಕಾರು ಓಡಿಸಲು ಕಲಿಸುವುದು ನನ್ನ ಕೆಲಸ. ಕಲಿಯಲು ಬರುವವರು ಬೆನ್ನ ಹಿಂದೆ ನನ್ನನ್ನು 'ಬ್ರೇಕ್ ಅಕ್ಕ' ಅನ್ನುತ್ತಾರೆ, ಗೊತ್ತು. ಪಕ್ಕದ ಸೀಟಿನಲ್ಲಿ ನನ್ನ ಕಾಲಡಿಯೂ ಒಂದು ಬ್ರೇಕ್ ಇರುತ್ತದೆ. ಅವರು ಎಡವಟ್ಟು ಮಾಡಿದರೆ ಅದನ್ನು ತುಳಿದು, ಬಾಯಿಗೆ ಬಂದಂತೆ ಬೈಯುತ್ತೇನೆ. ಇಂಥ ಗಂಟಲಿನವಳು ಅವತ್ತು ಕೋರ್ಟಿನ ಕಟಕಟೆಯಲ್ಲಿ ಪಿಸುಗುಟ್ಟುತ್ತ ನಿಂತಿದ್ದೆ.

"ಈ ಮಾತ್ರೆ ಯಾವುದಕ್ಕೆ ತಗೋತಿದ್ರಿ?" ಔಷಧ ಕಂಪನಿಯ ವಕೀಲರು ಕೇಳಿದರು.

"ಮನಸ್ಸಿಗೆ," ಅಂದೆ.

"ಸ್ವಲ್ಪ ಜೋರಾಗಿ ಹೇಳಿ."

ಹಿಂದಿನ ಬೆಂಚಿನಲ್ಲಿ, ನನ್ನ ಹತ್ತಿರ ಕಾರು ಕಲಿತ ಬ್ಯಾಂಕಿನಾಕೆ ಬೇರೆ ತನ್ನ ಯಾವುದೋ ಕೇಸಿಗೆ ಕಾಯುತ್ತ ಕೂತಿದ್ದಳು. ನೆಲ ಬಾಯಿಬಿಟ್ಟಿದ್ದರೆ ಒಳಗಿಳಿದುಬಿಡುತ್ತಿದ್ದೆ. "ಖಿನ್ನತೆಗೆ!" ಅಂತ ಕಿರುಚಿಯೇಬಿಟ್ಟೆ. ಟೈಪು ಮಾಡುತ್ತಿದ್ದವನ ಕೈ ಕೂಡ ನಿಂತಿತು.

ನನ್ನಮ್ಮ ತೀರಿಕೊಂಡ ಮೇಲೆ ಹಾಸಿಗೆಯಿಂದ ಏಳಲಾಗುತ್ತಿರಲಿಲ್ಲ. ಸ್ಟೀರಿಂಗ್ ಹಿಡಿದರೆ ಅಳು. ಡಾಕ್ಟರು ಮಾತ್ರೆ ಬರೆದರು. ಬಸುರಿಯಾದಾಗಲೂ ನಿಲ್ಲಿಸಿ ಅನ್ನಲಿಲ್ಲ. ಪುಟ್ಟಿ ಹುಟ್ಟಿದ್ದೇ ಹೃದಯದಲ್ಲಿ ತೂತು ಇಟ್ಟುಕೊಂಡು. ಒಂದು ಆಪರೇಷನ್ ಆಗಿದೆ, ಇನ್ನೊಂದು ಆಗಬೇಕು, ಅದಕ್ಕೆ ನಮ್ಮ ಕೈಯಲ್ಲಿ ದುಡ್ಡೇನೂ ಉಳಿದಿಲ್ಲ, ಕೇಸು ಗೆದ್ದು ಪರಿಹಾರ ಬಂದರಷ್ಟೇ. ಮಾತ್ರೆಯಿಂದ ಹೀಗಾಗಬಹುದು ಅಂತ ಗೊತ್ತಿದ್ದೂ ಕಂಪನಿ ಬಾಯಿ ಬಿಡಲಿಲ್ಲ ಅನ್ನುವುದೇ ನಮ್ಮ ಕೇಸು. ತಮಗೂ ಯಾರೂ ಹೇಳಿರಲಿಲ್ಲ ಎಂದು ಡಾಕ್ಟರು ಸಾಕ್ಷಿ ನುಡಿದಿದ್ದರು. ಪ್ರತಿ ಡಬ್ಬಿಯೊಳಗೂ ಎಚ್ಚರಿಕೆಯ ಕಾಗದ ಇತ್ತು ಅಂತ ಕಂಪನಿಯವರ ವಾದ. ನನಗೆ ಡಬ್ಬಿಯೂ ಸಿಗಲಿಲ್ಲ, ಕಾಗದವೂ ಸಿಗಲಿಲ್ಲ ಅಂತ ನನ್ನ ಮಾತು. ಎಲ್ಲವೂ ಆ ಒಂದು ಮಾತಿನ ಮೇಲೆ ನಿಂತಿತ್ತು.

ನಾನೇನೂ ಸುಳ್ಳು ಹೇಳುತ್ತಿರಲಿಲ್ಲ. ಮಾತ್ರೆ ತರುತ್ತಿದ್ದವರು ನಮ್ಮತ್ತೆ. ನನ್ನ ಕೈಗೆ ಬರುತ್ತಿದ್ದದ್ದು ವಿಟಮಿನ್ ಅಂತ ಚೀಟಿ ಅಂಟಿಸಿದ್ದ ಕಂದು ಸೀಸೆ. ಅಂಗಡಿಯವನು ಮಾತ್ರೆಯನ್ನು ಬಿಡಿಯಾಗಿ ಕೊಡುತ್ತಾನೆ, ಅತ್ತೆ ಹಳೇ ಸೀಸೆಗೆ ಹಾಕಿಸಿಕೊಂಡು ಬರುತ್ತಾರೆ ಅಂದುಕೊಂಡಿದ್ದೆ. ಎದ್ದು ಕೂರುವುದೇ ದೊಡ್ಡದಾಗಿದ್ದ ಆ ದಿನಗಳಲ್ಲಿ ಅದನ್ನೆಲ್ಲ ವಿಚಾರಿಸುವ ತ್ರಾಣ ಯಾರಿಗಿತ್ತು?

"ಅಂಗಡಿಯವ್ರು ಡಬ್ಬಿ ಸಮೇತ ಕೊಟ್ಟೆ ಅಂತಾರೆ," ವಕೀಲರು ನನ್ನ ಹತ್ತಿರ ಬಂದರು. "ನಾನು ಹೇಳ್ಲಾಮ್ಮ ಏನಾಯ್ತು ಅಂತ? ನೀವು ಆ ಕಾಗದ ಓದಿದ್ರಿ. ಏನಾಗುತ್ತೋ ಆಗ್ಲಿ, ನಂಗೆ ನೆಮ್ಮದಿ ಸಿಕ್ರೆ ಸಾಕು ಅಂತ ನುಂಗಿದ್ರಿ. ಈಗ ಆ ಮಗೂನ ಮುಂದಿಟ್ಕೊಂಡು ಸುಳ್ಳು ಹೇಳ್ತಿದೀರ."

ನನ್ನ ಬಲಗಾಲು ತನ್ನಷ್ಟಕ್ಕೆ ಬ್ರೇಕ್ ಹುಡುಕಿತು. ಅಲ್ಲೆಲ್ಲಿ ಬರಬೇಕು ಬ್ರೇಕು?

"ಅವಳ್ನ ಯಾಕ್ರೀ ಅಂತೀರ?" ಹಿಂದಿನಿಂದ ಅತ್ತೆಯ ದನಿ. ಎದ್ದು ನಿಂತಿದ್ದರು. "ಆ ಡಬ್ಬಿ ಬಿಸಾಕಿದ್ದು ನಾನು."

"ಅಮ್ಮ, ಕೂತ್ಕೊಳಿ, ಕೂತ್ಕೊಳಿ!" ನಮ್ಮ ವಕೀಲೆ ಕೈಯಲ್ಲಾಡಿಸಿದರು. ಅಷ್ಟರಲ್ಲಿ ನ್ಯಾಯಾಧೀಶರೇ ಅತ್ತೆಯನ್ನು ಮುಂದೆ ಕರೆದರು.

"ಶೆಲ್ಫ್ ಮೇಲಿಟ್ರೆ ಬಂದೋರ ಕಣ್ಣಿಗೆ ಬೀಳತ್ತೆ ಸ್ವಾಮಿ," ಅತ್ತೆ ಸೆರಗಿನ ತುದಿ ಹಿಂಡುತ್ತ ಹೇಳಿದರು. "ಇವ್ರ ಸೊಸೆಗೆ ತಲೆ ಕೆಟ್ಟಿದೆ ಅಂತಾರೆ. ಅದಕ್ಕೇ ಬಸ್ ಸ್ಟ್ಯಾಂಡಲ್ಲಿ ಕೂತು ಒಂದೊಂದೇ ಮಾತ್ರೆ ಬಿಡಿಸಿ ಸೀಸೆಗೆ ಹಾಕ್ಕೊಂಡು, ಡಬ್ಬಿನ ಅಲ್ಲೇ ಕಸದ ತೊಟ್ಟಿಗೆ ಹಾಕಿ ಬರ್ತಿದ್ದೆ. ಒಳಗೆ ಕಾಗದ ಇತ್ತು. ಓದ್ಲಿಲ್ಲ. ಮನೆ ಮರ್ಯಾದೆ ನೋಡ್ಕೊಂಡೆ ಹೊರ್ತು ಇನ್ನೇನೂ ನೋಡ್ಲಿಲ್ಲ."

"ಕಾಗದ ಇತ್ತು ಅಂದ್ರಲ್ಲ, ಇನ್ನೊಂದ್ಸಲ ಹೇಳೀಮ್ಮ." ಕಂಪನಿ ವಕೀಲರ ದನಿ ಈಗ ಬೆಣ್ಣೆಯಾಗಿತ್ತು.

"ಇತ್ತು," ಅಂದರು ಅತ್ತೆ. ಟೈಪು ಮಾಡುವವನು ಅದನ್ನೂ ಟೈಪು ಮಾಡಿದ.

ವರಾಂಡಕ್ಕೆ ಬಂದ ಮೇಲೆ ನಮ್ಮ ವಕೀಲೆ ಹಣೆ ಒತ್ತಿಕೊಂಡರು. "ಕಂಪನಿ ಎಚ್ಚರಿಕೆ ಕೊಟ್ಟಿತ್ತು, ನಿಮ್ಮನೆಯವ್ರೇ ಎಸೆದ್ರು ಅಂತಾಗೋಯ್ತು. ಇನ್ನು ಹೋರಾಡೋಕೆ ನನ್ನ ಹತ್ರ ಏನಿದೆ ಹೇಳಿ?"

ಬಸ್ಸಿನಲ್ಲಿ ಅತ್ತೆ ನನ್ನ ಪಕ್ಕ ಕೂರಲಿಲ್ಲ, ಹಿಂದಿನ ಸೀಟಿನಲ್ಲಿ ಕೂತರು. ಸ್ವಲ್ಪ ದೂರ ಹೋದ ಮೇಲೆ ಮುಂದಕ್ಕೆ ಬಾಗಿ, "ಬೈಯೇ," ಅಂದರು. "ಊರೋರಿಗೆಲ್ಲ ಬೈತೀಯ. ನಂಗೊಬ್ಬಳಿಗೆ ಯಾಕೆ ಸುಮ್ನಿದೀಯ?"

ಯಾವ ಬಾಯಲ್ಲಿ ಬೈಯಲಿ? 'ಬಿಸಾಕಿದ್ದು ನಾನು' ಅಂತ ಅವರು ಅಂದಾಗ ಕೇಸು ಮುಳುಗಿತು ಅಂತ ನನಗೆ ಮೊದಲು ಹೊಳೆಯಲಿಲ್ಲ. ಆಪರೇಷನ್ ನೆನಪಾಗಲಿಲ್ಲ. ಅಬ್ಬಾ, ತಪ್ಪು ನನ್ನದಲ್ಲ ಅಂತ ಎದೆ ಹಗುರಾಯಿತು. ಬ್ಯಾಂಕಿನಾಕೆಯ ಕಡೆ ತಿರುಗಿ ಕೂಡ ನೋಡಿದೆ, ಕೇಳಿಸಿಕೊಂಡೆಯಾ ಅನ್ನುವಂತೆ. ಮಗಳ ಜೀವ ಕೈಜಾರುತ್ತಿದ್ದಾಗ ನಾನು ಒಳಗೊಳಗೇ ಹಿಗ್ಗುತ್ತಿದ್ದೆ. ಥೂ, ನನ್ನ ಜನ್ಮಕ್ಕಿಷ್ಟು!

"ಇನ್ನೇನು, ನಮ್ಮ ಸ್ಟಾಪ್ ಬಂತು," ಅಂತಷ್ಟೇ ಅಂದೆ.

ಪುಟ್ಟಿ ಅಪ್ಪನ ಕೈ ಹಿಡಿದು ಮನೆಯ ಮೆಟ್ಟಿಲಿಳಿಯುತ್ತಿದ್ದವಳು ನಮ್ಮನ್ನು ಕಂಡು ಅರ್ಧದಲ್ಲೇ ಕೂತಳು. ಉಸಿರು ಹತೋಟಿಗೆ ಬರುವವರೆಗೂ ಕಾದು, ತುಟಿ ಒರೆಸಿಕೊಂಡು ಕೇಳಿದಳು.

"ಅಮ್ಮಾ, ಗೆದ್ವಾ?"

ಅತ್ತೆ ಗೋಡೆ ಕಡೆ ಮುಖ ತಿರುಗಿಸಿದರು. ಗೆದ್ದದ್ದು ನಾನೊಬ್ಬಳೇ ಅಂತ ಆ ಮಗುವಿಗೆ ಹೇಗೆ ಹೇಳಲಿ? ಚಪ್ಪಲಿ ಬಿಚ್ಚುವ ನೆಪದಲ್ಲಿ ತಲೆ ತಗ್ಗಿಸಿದೆ.