ಮೊಂಡಿ ಕಾವಿಗೆ ಕೂತಳು

ನಮ್ಮ ಮೊಂಡಿಯನ್ನ ಯಾರಾದರೂ ಕೆಟ್ಟ ಕೋಳಿ ಅಂದರೆ ನನಗೆ ಮೈಯೆಲ್ಲ ಉರಿಯುತ್ತೆ. ಎರಡು ಸಲ ಕಾವಿಗೆ ಕೂತು ಅರ್ಧಕ್ಕೇ ಎದ್ದಿದ್ದಳು, ನಿಜ. ಮೂರನೇ ಸಲ ಕೂತಾಗ ನಮ್ಮತ್ತೆ ತೀರ್ಪು ಕೊಟ್ಟೇಬಿಟ್ಟರು: "ಈ ಸಲವೂ ಎದ್ದಳೋ, ನೇರ ಒಲೆ ಮೇಲೆ."

"ಅವಳದೇನೂ ತಪ್ಪಿಲ್ಲ ಅತ್ತೆ. ಉಳಿದವು ನೆಮ್ಮದಿಯಾಗಿ ಕೂರೋಕೆ ಬಿಡಲ್ಲ."

"ಬಟ್ಟೆ ಹೊಲಿಯೋಳಿಗೆ ಕೋಳಿ ವಿಷಯ ಏನು ಗೊತ್ತು?"

ಸೊಸೆಯಾಗಿ ಬಂದು ಒಂಬತ್ತು ವರ್ಷ, ಈ ಮಾತು ಕೇಳಿ ಕೇಳಿ ಕಿವಿ ತೂತಾಗಿದೆ. "ನಾನೇ ಮರಿ ಮಾಡಿಸಿ ತೋರಿಸ್ತೀನಿ, ನೋಡ್ತಿರಿ" ಅಂದುಬಿಟ್ಟೆ.

ಹಿತ್ತಲ ಗೂಡಲ್ಲಿ ಅವಳ ಕೆಳಗೆ ಎಂಟು ಮೊಟ್ಟೆ ಇಟ್ಟೆ. ಬೇರೆ ಕೋಳಿ ಬಂದು ಅಲ್ಲೇ ಇಟ್ಟರೆ ಗುರುತು ಸಿಗಲಿ ಅಂತ ಎಂಟಕ್ಕೂ ಗೆರೆ ಎಳೆದೆ. ಯಾವುದರಲ್ಲಿ ಅಂತೀರಿ? ಬಟ್ಟೆಗೆ ಗುರುತು ಹಾಕೋ ಚಾಕ್‌ನಲ್ಲಿ! ವಾರ ಬಿಟ್ಟು ನೋಡಿದರೆ ಹದಿನಾಲ್ಕು ಮೊಟ್ಟೆ, ಒಂದರ ಮೇಲೂ ಗೆರೆಯಿಲ್ಲ. ಅವಳ ಹೊಟ್ಟೆಯ ಗರಿ ಎಲ್ಲವನ್ನೂ ಒರೆಸಿ ಹಾಕಿತ್ತು. ಹದಿನಾಲ್ಕಕ್ಕೂ ಅವಳ ಕಾವು ಸಾಲಲ್ಲ. ಹಳೆಯವು ಒಡೆದು ಮರಿ ಬಂದರೆ ತಾಯಿ ಅವುಗಳ ಹಿಂದೆ ಎದ್ದು ಹೋಗ್ತಾಳೆ, ಹೊಸವು ತಣ್ಣಗಾಗಿ ಕೆಡುತ್ತವೆ. ನನ್ನ ಬುದ್ಧಿಗಿಷ್ಟು ಅಂತ ಹಣೆ ಚಚ್ಚಿಕೊಂಡೆ.

ಅತ್ತೆಗೆ ಹೇಳೋ ಹಾಗಿಲ್ಲ. ಮೊಟ್ಟೆಗಳನ್ನ ಬುಟ್ಟಿಗೆ ಹಾಕಿ ನನ್ನ ಹೊಲಿಗೆ ಅಂಗಡಿಗೆ ಓಡಿದೆ. ಬಟ್ಟೆ ಹಾಕಿ ನೋಡೋಕೆ ಒಂದು ಮೂಲೆಗೆ ದಪ್ಪ ಪರದೆ ಕಟ್ಟಿದ್ದೀನಲ್ಲ, ಆ ಕತ್ತಲಲ್ಲಿ ಕೂತು ಒಂದೊಂದಕ್ಕೂ ಮೊಬೈಲ್ ಟಾರ್ಚ್ ಹಿಡಿದೆ. ಕೆಂಪು ನರ ಹರಡಿದ್ದನ್ನ, ಅಂದರೆ ಮರಿ ಕಟ್ಟಿದ ಹಳೆಯವನ್ನ, ಒಂದು ಕಡೆ, ಖಾಲಿ ಕಂಡಿದ್ದನ್ನ ಇನ್ನೊಂದು ಕಡೆ ಇಟ್ಟೆ. ಅಷ್ಟರಲ್ಲಿ ಅಳತೆ ನೋಡೋಕೆ ಬಂದ ಟೀಚರು ಪರದೆ ಸರಿಸಿ "ಅಯ್ಯಯ್ಯೋ!" ಅಂದರು.

"ಐದು ನಿಮಿಷ ಟೀಚರ್, ಒಳಗೆ ಮೊಟ್ಟೆಗಳಿವೆ" ಅಂದೆ. ಬೇರೇನು ಹೇಳಲಿ?

ಸರಿಯಾಗಿ ಎಂಟರಲ್ಲಿ ನರ ಕಂಡಿತು. ಸಂಜೆ ಮೊಂಡಿಯನ್ನೂ ಎತ್ತಿ ತಂದು, ಬಟ್ಟೆ ಕತ್ತರಿಸೋ ಮೇಜಿನ ಕೆಳಗೆ ರಟ್ಟಿನ ಡಬ್ಬದಲ್ಲಿ ಕೂರಿಸಿದೆ. ಪಕ್ಕದಲ್ಲೇ ಹೊಲಿಗೆ ಮಿಷನ್ ದಿನವಿಡೀ ಗಡಗಡ ಅಂತಿತ್ತು. ನನ್ನ ರಾಣಿ ಅಲ್ಲಾಡಿದಳೇ? ದಿನಕ್ಕೊಮ್ಮೆ ಎದ್ದು ಕಾಳು ತಿಂದು, ನೀರು ಕುಡಿದು, ಮತ್ತೆ ತಾನೇ ಹೋಗಿ ಕೂರುತ್ತಿದ್ದಳು. ಕಾವಿಗಿಟ್ಟ ಇಪ್ಪತ್ತೊಂದನೇ ದಿನ ಡಬ್ಬದ ಒಳಗಿಂದ ಚಿಂವ್ ಅಂದಾಗ ನಾನು ಒಂದು ರವಿಕೆ ತೋಳನ್ನ ತಿರುವುಮುರುವಾಗಿ ಹೊಲಿದುಬಿಟ್ಟೆ. ಒಂದು ಮೊಟ್ಟೆ ಕೆಟ್ಟಿತ್ತು. ಏಳು ಮರಿ!

ಅತ್ತೆ ಅಂಗಡಿಗೇ ಬಂದು ಬಗ್ಗಿ ನೋಡಿದರು. "ಮರಿ ಮಾಡೋದು ದೊಡ್ಡದಲ್ಲ. ಹಿಂಡಿನ ಮಧ್ಯೆ ಉಳಿಸಿಕೊಳ್ತಾಳಾ ನೋಡೋಣ" ಅಂದರು. ಒಲೆ ಮಾತು ಇನ್ನೂ ವಾಪಸು ತಗೊಂಡಿರಲಿಲ್ಲ.

ತಾಯಿ ಮರಿಗಳನ್ನ ಮನೆಗೆ ತಂದು ಹತ್ತು ದಿನ ಹಿತ್ತಲಲ್ಲೇ ತಂತಿ ಬಲೆಯ ಆಚೆ ಇಟ್ಟೆ, ಹಿಂಡು ನೋಡಿ ಅಭ್ಯಾಸ ಆಗಲಿ ಅಂತ. ಹನ್ನೊಂದನೇ ಬೆಳಗ್ಗೆ ಬಾಗಿಲು ತೆಗೆದೆ. ಹಿಂಡಿಗೆಲ್ಲ ದೊಡ್ಡವಳು, ನಾವು ಯಜಮಾನಿ ಅನ್ನೋ ಕೆಂಪು ಕೋಳಿ, ನೇರ ಬಂದು ಒಂದು ಮರಿಯ ನೆತ್ತಿಗೆ ಕುಕ್ಕಿದಳು. ಅತ್ತೆ ಕೋಲೆತ್ತಿದರು.

"ಬೇಡ ಅತ್ತೆ! ಮೊಂಡಿಗೇ ಬಿಡಿ!"

ಮೊಂಡಿ ಗರಿ ಕೆದರಿಕೊಂಡು ಅವಳ ಮೇಲೆ ಹಾರಿ ಬಿದ್ದಳು ನೋಡಿ, ಯಜಮಾನಿ ಹಿತ್ತಲೆಲ್ಲ ಓಡಿ ನೀರಿನ ತೊಟ್ಟಿ ಹತ್ತಿ ಕೂತಳು. ಉಳಿದವು ತಾವಾಗೇ ದಾರಿ ಬಿಟ್ಟವು. ಮೊಂಡಿ ಏಳೂ ಮರಿಗಳನ್ನ ಕರೆದುಕೊಂಡು ಕಾಳಿನ ತಟ್ಟೆಗೆ ನಡೆದಳು. ಹೆಮ್ಮೆಯಿಂದ ನನ್ನ ಕಣ್ಣು ತುಂಬಿ ಬಂತು.

ಅತ್ತೆ ಕೋಲು ಕೆಳಗಿಟ್ಟು ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಗೋಡೆಯಾಚೆಯ ಪಕ್ಕದ ಮನೆಯವಳಿಗೆ ಅವರು ಹೇಳೋದು ಕೇಳಿಸಿತು: "ಏಳಕ್ಕೆ ಏಳೂ ಉಳಿದಿವೆ ಕಣೇ! ನನ್ನ ಸೊಸೆ ಮಾಡಿಸಿದ್ದು!"

ವಾಪಸು ಬಂದಾಗ ಅವರ ಮಡಿಲಲ್ಲಿ ಎಂಟು ಮೊಟ್ಟೆ ಇದ್ದವು. "ಬಿಳಿ ಕೋಳಿಯೂ ಕಾವಿಗೆ ಕೂತಿದೆ, ನೀನೇ ಇಡು" ಅಂತ ನನ್ನ ಕೈಗೆ ಕೊಟ್ಟು, ಮೇಲೆ ಒಂದು ಪೆನ್ಸಿಲ್ಲೂ ಇಟ್ಟರು.

"ಚಾಕ್ ಅಳಿಸಿ ಹೋಗುತ್ತಮ್ಮ" ಅಂದರು.